ಹಳದಿ ಉಗುರಿನ ಮಿಸ್ತ್ರಿ

ಮಿಸ್ತ್ರಿಯ ಎಡಗೈ ಹೆಬ್ಬೆರಳಿನ ಉಗುರು ಹಳದಿಯಾಗಿತ್ತು. ಗ್ಯಾರೇಜಿನವರ ಕೈ ಕಪ್ಪಗಿರುವುದು ಎಲ್ಲರಿಗೂ ಗೊತ್ತು. ಅವರ ಕೈಯೂ ಕಪ್ಪೇ. ಆದರೆ ಅಷ್ಟು ಮಸಿಯ ನಡುವೆ ಆ ಒಂದು ಉಗುರು ಮಾತ್ರ ಪುಟಾಣಿ ಕಾಳಿನ ಹಾಗೆ ಎದ್ದು ಕಾಣುತ್ತಿತ್ತು. ಮೊದಲ ಸಲ ಅವರು ನನ್ನ ಗಾಡಿಯ ಕೀಲಿಗೆ ಕೈ ಚಾಚಿದಾಗ ನಾನು ನೋಡಿದ್ದು ಮುಖವನ್ನಲ್ಲ, ಆ ಉಗುರನ್ನು. ಕಾಮಾಲೆ ಇರಬೇಕು ಅಂದುಕೊಂಡೆ. ಕಣ್ಣು ನೋಡಿದೆ, ಬೆಳ್ಳಗಿದ್ದವು. ಹಂಗಾದರೆ ತಂಬಾಕು ಅಂದುಕೊಂಡೆ. ಬಾಯಿಯ ವಾಸನೆ ಇರಲಿಲ್ಲ. ರೋಗವೂ ಅಲ್ಲ, ಚಟವೂ ಅಲ್ಲ ಅಂದ ಮೇಲೆ ಇದರಾಗ ಏನೋ ಐತಿ ಅಂತ ನನ್ನ ಮನಸ್ಸು ಹೇಳಿತು. ಕೀಲಿ ಕೊಡಲಿಲ್ಲ.

"ಇಂಜಿನ್ ಇಳಸಾಕ ಕೀಲಿ ಯಾಕ ಬೇಕ್ರಿ?" ಅಂತ ಕೇಳಿದೆ.

"ಇಳಸಾಕ ಬ್ಯಾಡ. ಇಳಸೂದು ಮುಗಿಯೂತನಕಾ ನನ್ನ ಕಿಸೆದಾಗ ಇರಬೇಕು. ನಾ ಒಳಗ ಕೈ ಹಾಕಿದ್ದಾಗ ಯಾರರ ಹುರುಪಿಲೆ ತಿರುವಿದ್ರ?"

"ಬ್ಯಾಟರಿ ಬಿಚ್ಚಿಟ್ಟ ಮ್ಯಾಲ ತಿರುವಿದ್ರೇನಾಗತೈತ್ರಿ? ನನ್ನ ಮ್ಯಾಲ ಸಂಶಯಾ ಏನು?"

"ಹೌದು," ಅಂದರು ಮಿಸ್ತ್ರಿ. ಸಿಟ್ಟಿಲ್ಲ, ನಗುವಿಲ್ಲ. "ನನ್ನ ಮ್ಯಾಲೂ ಐತಿ. ಕೊಡು."

ನಾನು ಬಾದಾಮಿಯವನು. ಆರನೇ ಇಯತ್ತೆಗೆ ಸಾಲಿ ಬಿಟ್ಟು ಲಾರಿ ಕ್ಲೀನರ್ ಆದೆ. ಕ್ಲೀನರ್ ಇದ್ದವ ಡ್ರೈವರ್ ಆದೆ. ಮಂದಿಯ ಗಾಡಿ ಹೊಡೆದು ಹೊಡೆದು ಕಡೆಗೆ ನನ್ನದೇ ಒಂದು ಡಿಸೇಲ್ ಗಾಡಿ ಮಾಡಿಕೊಂಡೆ. ಅದರಲ್ಲಿ ಯಾರ ಅಪ್ಪನ ಆಸ್ತಿಯೂ ಇಲ್ಲ, ನನ್ನ ನಿದ್ದೆ ಇದೆ. ಮೇಣಬಸದಿಯ ಗುಹೆ ನೋಡಲು ಬಂದವರನ್ನು ಮಹಾಕೂಟಕ್ಕೆ, ಅಲ್ಲಿಂದ ಪಟ್ಟದಕಲ್ಲಿಗೆ ಕರೆದುಕೊಂಡು ಹೋಗಿ ಬರುವುದು ನನ್ನ ದುಡಿಮೆ. ಆ ಗಾಡಿ ನಿಂತರೆ ನಮ್ಮ ಮನೆಯ ಒಲೆಯೂ ನಿಂತಂತೆ. ಅಂಥ ಗಾಡಿ ಏರು ಬಂದರೆ ಸಾಕು, ಹೊಗೆ ಉಗುಳತೊಡಗಿತು. ಡಿಸೇಲಿನಷ್ಟೇ ಇಂಜಿನ್ ಆಯಿಲನ್ನೂ ಕುಡಿಯತೊಡಗಿತು. ಯಾರಿಗೆ ತೋರಿಸಿದರೂ ಒಂದೇ ಮಾತು. ಇಂಜಿನ್ ಇಳಿಸಬೇಕು, ಬಿಚ್ಚಬೇಕು.

ಇಂಜಿನ್ ಇಳಿಸುವುದೆಂದರೆ ಗಾಡಿಯವನಿಗೆ ಮೈಯೊಳಗಿನ ಗುಂಡಿಗೆ ತೆಗೆದು ಮಂದಿಯ ಕೈಗೆ ಕೊಟ್ಟಂತೆ. ಒಳಗಿನ ಒಳ್ಳೆ ಸಾಮಾನು ತೆಗೆದು ಸವೆದದ್ದು ಕೂಡಿಸಿ ಕೊಟ್ಟರೆ ಯಾರಿಗೆ ಗೊತ್ತಾಗುತ್ತದೆ? ಒಮ್ಮೆ ಬೇರೆ ಊರಿನ ಗ್ಯಾರೇಜೊಂದರಲ್ಲಿ ಗಾಡಿ ಬಿಟ್ಟು, "ಚಹಾ ಕುಡದ ಬರ್ರಿ ಅಣ್ಣಾರ" ಅಂದರಂತ ಚಹಾ ಕುಡಿದು ಬರುವುದರೊಳಗೆ ನನ್ನ ಹೊಸ ಸೆಲ್ಫ್ ಮೋಟಾರು ಮಾಯವಾಗಿ, ಯಾರದೋ ಮುದಿ ಮೋಟಾರು ಅಲ್ಲಿ ಬಂದು ಕುಳಿತಿತ್ತು. ಅಂದಿನಿಂದ ಗ್ಯಾರೇಜಿನವರು ಚಹಾ ಅಂದರೆ ನನ್ನ ಕೈ ಕಿಸೆಗೆ ಹೋಗುತ್ತದೆ.

ಅದಕ್ಕೇ ಈ ಸಲ ತಯಾರಾಗಿ ಹೋಗಿದ್ದೆ. ಕೆರೂರಿನ ಮಿಸ್ತ್ರಿಯ ಕೈ ಚಲೋ ಐತಿ ಅಂತ ನಾಲ್ಕು ಡ್ರೈವರುಗಳು ಹೇಳಿದ್ದರೂ ಗಾಡಿ ಒಯ್ಯುವ ಹಿಂದಿನ ದಿನ ಅರ ತೆಗೆದುಕೊಂಡು, ಬಾನೆಟ್ಟಿನೊಳಗೆ ಕೈ ಹೋದಲ್ಲೆಲ್ಲ ಗುರುತಿನ ಗೀರು ಹಾಕಿದೆ. ಹಕ್ಕಿಯ ಹೆಜ್ಜೆಯಂತೆ ಮೂರು ಸಣ್ಣ ಗೀರು. ಬ್ಲಾಕಿನ ಕೆಳ ಅಂಚಿಗೊಂದು, ಹೆಡ್ಡಿಗೊಂದು, ಡಿಸೇಲ್ ಪಂಪಿಗೊಂದು, ಡೈನಮೋಕ್ಕೊಂದು. ಮೇಲೆ ಗ್ರೀಸ್ ಸವರಿ ಮುಚ್ಚಿದೆ. ಹೆಂಡತಿ ನಿಂತು ನೋಡಿದಳು. "ಏನ ಮಾಡಾಕ ಹತ್ತೀರಿ?" ಅಂದಳು. ಅವಳಿಗೂ ಹೇಳಲಿಲ್ಲ.

ಮಿಸ್ತ್ರಿಯ ಗ್ಯಾರೇಜು ರಸ್ತೆ ಬದಿಯ ತಗಡಿನ ಶೆಡ್ಡು. ಮುಂದೆ ಮೂರು ಕಬ್ಬಿಣದ ಪೈಪು ತುದಿ ಕೂಡಿಸಿ ನಿಲ್ಲಿಸಿ, ನಡುವೆ ಚೈನ್ ಪುಲ್ಲಿ ತೂಗುಬಿಟ್ಟಿದ್ದರು. ಒಳಗೆ ಬೀರಪ್ಪನ ಪಟ, ಅದರ ಕೆಳಗೆ ಭಂಡಾರದ, ಅಂದರೆ ದೇವರ ಅರಿಶಿಣ ಪುಡಿಯ ಡಬ್ಬಿ. ಅವರು ಬೀರಪ್ಪನ ಒಕ್ಕಲು. ಅವರ ಅಪ್ಪ ಶಿರೂರಿನ ಕಡೆ ಕುರಿ ಕಾಯ್ದವರು. ಮಿಸ್ತ್ರಿ ಮಾತ್ರ ಹುಡುಗರಿದ್ದಾಗಲೇ ಕುರಿ ಬಿಟ್ಟು ಗಾಡಿ ಹಿಡಿದಿದ್ದರು. ಗಿಡ್ಡ ಆಳು, ಹೆಗಲ ಮೇಲೆ ಟಾವೆಲ್ಲು, ವಯಸ್ಸು ಅರವತ್ತರ ಆಚೆ ಈಚೆ. ನಾನೊಂದು ಖಾಲಿ ಡಬ್ಬ ಬೋರಲು ಹಾಕಿಕೊಂಡು ಇಂಜಿನ್ನು ಕಾಣುವ ಹಾಗೆ ಕುಳಿತೆ. ಅವರು ನನ್ನನ್ನು ನೋಡಿದರು, ಡಬ್ಬವನ್ನು ನೋಡಿದರು, ಬಂದು ಡಬ್ಬವನ್ನು ಕಾಲಿನಿಂದ ಅಲುಗಾಡಿಸಿ ನೋಡಿದರು. "ಗಟ್ಟಿ ಐತಿ, ಕುಂಡ್ರು," ಅಂದರು.

ಅವರು ಯಾವುದನ್ನೂ ನಂಬುತ್ತಿರಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದ ಮೇಲೂ ಗಾಲಿಗಳಿಗೆ ಕಲ್ಲು ಕೊಟ್ಟರು. "ಬ್ರೇಕ್ ಹಿಡದೈತಲ್ರಿ" ಅಂದೆ. "ಬ್ರೇಕ್ ಅಂದ್ರ ನಮ್ಮ ಮನಿಯಾಕಿ ಮಾತು ಬಿಟ್ಟಂಗ. ಯಾವಾಗ ಬಿಗಿ ಇರತೈತಿ, ಯಾವಾಗ ಸಡ್ಲ ಆಗತೈತಿ, ಆಕೀಗೂ ಗೊತ್ತಿರಂಗಿಲ್ಲ," ಅಂದರು. ಜಾಕ್ ಹಚ್ಚಿದರೆ ಅದರ ಪಕ್ಕ ಮರದ ದಿಮ್ಮಿ ಇಟ್ಟೇ ಕೈ ತೆಗೆಯುವರು. ರೇಡಿಯೇಟರಿನ ಹಸಿರು ನೀರನ್ನು ಡಬ್ಬಿಗೆ ಇಳಿಸಿ ಮುಚ್ಚಳ ಹಾಕಿ, ಮುಚ್ಚಳದ ಮೇಲೆ ಕಲ್ಲು ಹೇರಿದರು. ಸಿಹಿ ಇರುತ್ತದಂತೆ, ನಾಯಿ ನೆಕ್ಕಿ ಸಾಯುತ್ತವಂತೆ. ಮುಂದಿನ ಅಂಗಡಿಯ ಚಹಾದವನು ಗ್ಲಾಸು ತಂದುಕೊಟ್ಟರೆ ಮೂಸಿ ನೋಡಿಯೇ ಕುಡಿಯುವರು. "ನಿನ್ನ ಮ್ಯಾಲ ಅಲ್ಲೋ, ನನ್ನ ಕೈ ಮ್ಯಾಲ ಸಂಶಯ. ಡಿಸೇಲ್ ಬಿತ್ತೇನ ಅಂತ," ಅನ್ನುವರು. ಚಹಾದವನು ನನ್ನತ್ತ ಕಣ್ಣು ಹೊಡೆಯುವನು.

ಬಿಚ್ಚಿದ ಒಂದೊಂದು ವಯರಿನ ಎರಡೂ ತುದಿಗೆ ಒಂದೇ ಬಣ್ಣದ ಅರಿವೆ ತುಣುಕು ಕಟ್ಟುತ್ತಿದ್ದರು. ಅವರ ಹೆಂಡತಿಯ ತವರು ಇಳಕಲ್ಲು. ಹಳೇ ಸೀರೆಯ ದಡಿ, ಸೆರಗು ಕತ್ತರಿಸಿ ಒಂದು ಚೀಲದ ತುಂಬ ಇಟ್ಟುಕೊಂಡಿದ್ದರು. ಮಧ್ಯಾಹ್ನದ ಹೊತ್ತಿಗೆ ನನ್ನ ಗಾಡಿಯ ಹೊಟ್ಟೆಯೊಳಗೆ ಕೆಂಪು, ಹಸಿರು, ಗೋಧಿ ಬಣ್ಣದ ಗಂಟುಗಳು ತುಂಬಿದವು. ಇಷ್ಟು ನೀಟಾಗಿ ಕೆಲಸ ಮಾಡುವವನು ಮೋಸವನ್ನೂ ನೀಟಾಗೇ ಮಾಡುತ್ತಾನೆ ಅಂತ ನನಗೆ ಅನಿಸಿತು.

ನನ್ನ ಸಂಶಯ ಗಟ್ಟಿಯಾದದ್ದು ಭಂಡಾರ ನೋಡಿ. ಇಂಜಿನ್ನಿಗೆ ಸುತ್ತಿ ಪುಲ್ಲಿಯ ಕೊಕ್ಕೆಗೆ ಸಿಗಿಸುವ ಗಿಡ್ಡ ಸರಪಳಿಯೊಂದಿತ್ತು. ಅದನ್ನು ಸಂಜೆ ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ ತುಂಬಿದ ಬೋಗುಣಿಯಲ್ಲಿ ಮುಳುಗಿಸಿಟ್ಟು ಮನೆಗೆ ಹೋದರು. ಮರುದಿನ ಮುಂಜಾನೆ ತೆಗೆದು, ಒಣ ಅರಿವೆಯಿಂದ ಒಂದೊಂದೇ ಕೊಂಡಿಯನ್ನು ತಿಕ್ಕಿ ತಿಕ್ಕಿ ಒರೆಸಿದರು. ಆಮೇಲೆ ಬೀರಪ್ಪನ ಮುಂದಿನ ಡಬ್ಬಿ ತಂದು ಕೊಂಡಿಗಳ ಮೇಲೆ ಹಳದಿ ಭಂಡಾರ ಉದುರಿಸಿ, ಎಡ ಹೆಬ್ಬೆರಳಿನಿಂದ ತೆಳ್ಳಗೆ ಸವರಿದರು. ಸವರಿ ಸುಮ್ಮನೆ ಕುಳಿತರು, ಸರಪಳಿ ನೋಡುತ್ತ. ಉಗುರಿನ ಹಳದಿ ಎಲ್ಲಿಂದ ಬಂತು ಅಂತ ಆಗ ತಿಳಿಯಿತು. ತಿಳಿದು ಇನ್ನಷ್ಟು ಹೆದರಿಕೆಯಾಯಿತು.

ಚಹಾದವನನ್ನು ಮೆಲ್ಲಗೆ ಕೇಳಿದೆ. "ಭಂಡಾರ ಹಚ್ಚಲಾರದ ಅವ ಯಾರ ಇಂಜಿನ್ನೂ ಎತ್ತಂಗಿಲ್ಲ," ಅಂದ.

ದೇವರ ಮೇಲೆ ನನಗೂ ಭಕ್ತಿ ಇದೆ. ಆದರೆ ಸರಪಳಿಯನ್ನು ದೇವರಿಗೆ ಒಪ್ಪಿಸುವವನಿಗೆ ಸರಪಳಿಯ ಮೇಲೆ ನಂಬಿಕೆ ಇಲ್ಲ ಅಂತಲೇ ಅರ್ಥ. ನನ್ನ ಇಂಜಿನ್ನು ಬಿದ್ದು ಒಡೆದರೆ "ಬೀರಪ್ಪನ ಇಚ್ಛಾ" ಅಂತ ಕೈ ತೊಳೆದುಕೊಳ್ಳಬಹುದಲ್ಲ!

ಎತ್ತುವ ಹೊತ್ತು ಬಂತು. ಗೇರ್‌ಬಾಕ್ಸಿನ ಕೆಳಗೆ ದಿಮ್ಮಿ ಕೊಟ್ಟು, ಕಡೆಯ ಬೋಲ್ಟು ತೆಗೆದು, ಪುಲ್ಲಿಯ ಸರಪಳಿ ಎಳೆದರು. ಇಂಜಿನ್ನು ಬೆರಳಷ್ಟು ಎದ್ದಿತು. ಅಷ್ಟಕ್ಕೇ ನಿಲ್ಲಿಸಿದರು.

"ಯಾಕ್ರಿ?"

"ಎಲ್ಲಾ ಬಿಚ್ಚೇತಿ ಅಂದಾಗ ಒಂದು ಉಳದಿರತೈತಿ."

ಸುತ್ತ ಬಗ್ಗಿ ನೋಡುತ್ತ ಒಂದು ಸುತ್ತು ಬಂದರು. ಹೌದು, ಇಂಜಿನ್ನಿಂದ ಚಾಸಿಗೆ ಹೋಗುವ ಅರ್ತಿಂಗ್ ಪಟ್ಟಿ ಬಿಚ್ಚುವುದು ಉಳಿದಿತ್ತು. ಹಾಗೇ ಎತ್ತಿದ್ದರೆ ಹರಿಯುತ್ತಿತ್ತು, ಇಲ್ಲವೇ ಇಂಜಿನ್ನು ಒಂದು ಕಡೆ ವಾಲುತ್ತಿತ್ತು. ಅದನ್ನು ಬಿಚ್ಚಿ, ಮೆಲ್ಲಗೆ ಮೂತಿ ಮೇಲೆ ಮಾಡಿ ಎತ್ತಿ, ನಾನೂ ಅವರೂ ಗಾಡಿಯನ್ನು ಹಿಂದಕ್ಕೆ ನೂಕಿದೆವು. ಇಂಜಿನ್ನು ಬಯಲಲ್ಲಿ ತೂಗುತ್ತ ಉಳಿಯಿತು. ಇಳಿಸಲು ದಿಮ್ಮಿ ತರಲೆಂದು ಮಿಸ್ತ್ರಿ ಬೆನ್ನು ತಿರುಗಿಸಿದರು.

ನನಗೆ ಅಷ್ಟೇ ಬೇಕಿತ್ತು. ಬ್ಲಾಕಿನ ಕೆಳ ಅಂಚಿನ ನನ್ನ ಗೀರು ಅಲ್ಲೇ ಇದೆಯೋ ಇಲ್ಲವೋ ಅಂತ ಬಗ್ಗಿ, ಕೈ ಕೆಳಗೆ ಹಾಕಿ ಗ್ರೀಸ್ ಒರೆಸಲು ಹೋದೆ. ಬೆರಳಿಗೆ ಗೀರು ಸಿಕ್ಕಿತು. ಅದೇ ಗಳಿಗೆಯಲ್ಲಿ ನನ್ನ ಅಂಗಿಯ ಕಾಲರ್ ಹಿಡಿದು ಯಾರೋ ಹಿಂದಕ್ಕೆ ಜಗ್ಗಿದರು. ಮಣ್ಣಿನಲ್ಲಿ ಕುಂಡಿ ಊರಿ ಬಿದ್ದೆ.

"ಕೈ ಎಷ್ಟ ಅದಾವ ನಿನಗ?" ಅಂದರು ಮಿಸ್ತ್ರಿ.

"ಎರಡು."

"ಡ್ರೈವರ್‌ಗೆ ಎರಡೂ ಬೇಕು. ತೂಗೂ ಇಂಜಿನ್ ಕೆಳಗ ದೇವರೂ ಕೈ ಹಾಕಬಾರದು. ಏನ ನೋಡಾಕ ಹತ್ತಿದ್ದಿ?"

"ಎಣ್ಣಿ ಸೋರತೈತೇನ ಅಂತ."

ನನ್ನ ಬೆರಳಿಗೆ ಹತ್ತಿದ ಗ್ರೀಸನ್ನು ನೋಡಿದರು. ಬ್ಲಾಕಿನ ಅಂಚನ್ನು ನೋಡಿದರು. ತಿರುಗಿ ದಿಮ್ಮಿಯ ಕಡೆ ಹೋದರು. ಸಿಟ್ಟು ನನಗೂ ಬಂದಿತ್ತು. ಲಾರಿ ಧಣಿಗಳೂ ನನ್ನ ಕಾಲರಿಗೆ ಕೈ ಹಾಕಿರಲಿಲ್ಲ. ನನ್ನ ಸಾಮಾನು ನಾನು ನೋಡಿದರೆ ಇವರಿಗೇಕೆ ಇಷ್ಟು ಗಾಬರಿ?

ಇಂಜಿನ್ನು ಬಿಚ್ಚಿದ ಮೇಲೆ ಬ್ಲಾಕು ಕೊರೆಸಲು, ಕ್ರ್ಯಾಂಕು ತಿಕ್ಕಿಸಲು ಬಾಗಲಕೋಟೆಯ ಲೇಥಿಗೆ ಒಯ್ಯಬೇಕಾಗಿತ್ತು. ನಾನೂ ಬರುತ್ತೇನೆ ಅಂದೆ. "ನಾನೂ ಹೊಂಟೇನಿ, ಆ ಲೇಥಿನವರ ಮ್ಯಾಲ ನನಗ ನಂಬಿಗಿಲ್ಲ," ಅಂದರು. ಮೂರು ಗಾಲಿಯ ಟಂಟಂ ಗಾಡಿಯ ಹಿಂದೆ ನಡುವೆ ಬಿಚ್ಚಿದ ಇಂಜಿನ್ನು, ಆಚೆ ಈಚೆ ನಾವಿಬ್ಬರು. ಹೆಣ ಕಾಯುತ್ತ ಕುಳಿತ ಇಬ್ಬರು ವೈರಿಗಳ ಹಾಗೆ ಬಾಗಲಕೋಟೆ ಮುಟ್ಟಿದೆವು. ಲೇಥಿನ ಬಾಗಿಲಲ್ಲಿ ಮಿಸ್ತ್ರಿ ನನ್ನ ಕಡೆ ತಿರುಗಿ ಅಂದರು:

"ಹೋಗಿ ಎರಡು ಚಹಾ ಹೇಳಿ ಬಾ."

ಅದೇ ಮಾತು, ಅದೇ ಚಹಾ! ಹೋಗಲಿಲ್ಲ ಅಂದರೆ ಸಂಶಯ ಬಯಲಾಗುತ್ತದೆ. ಹೋದರೆ ಇಂಜಿನ್ನು ಹೋಗುತ್ತದೆ. ಓಡಿ ಹೋಗಿ, ಚಹಾ ಹೇಳಿ, ಓಡಿ ಬಂದೆ. ಮಿಸ್ತ್ರಿ ನನ್ನ ಕ್ರ್ಯಾಂಕಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತಿದ್ದರು. ನಾನು ಬಂದದ್ದು ಕಂಡು ಏನನ್ನೋ ಟಾವೆಲ್ಲಿನೊಳಗೆ ಸುತ್ತಿ ಬಗಲಲ್ಲಿ ಇಟ್ಟುಕೊಂಡರು. ಏನು ಅಂತ ಕೇಳಿದೆ. "ಏನಿಲ್ಲ," ಅಂದರು.

ಕ್ರ್ಯಾಂಕಿಗೆ ನಾನು ಗುರುತು ಹಾಕಿರಲಿಲ್ಲ. ಮುಚ್ಚಿದ ಇಂಜಿನ್ನಿನೊಳಗೆ ನನ್ನ ಅರ ಹೇಗೆ ಹೋದೀತು? ಇಂಜಿನ್ನಿನ ಬೆನ್ನೆಲುಬೇ ಅದು. ಅದನ್ನೇ ಮರೆತಿದ್ದೆ. ತಿಕ್ಕಿಸಿಕೊಂಡು ವಾಪಸು ಬಂದ ಕ್ರ್ಯಾಂಕು ಫಳಫಳ ಹೊಳೆಯುತ್ತಿತ್ತು. ನನ್ನದೋ, ಮತ್ತೊಬ್ಬರದೋ, ದೇವರಿಗೇ ಗೊತ್ತು. ಅವರು ಜೋಡಿಸುವಾಗ ಎದ್ದು ಬಗ್ಗಿ ನೋಡಿದೆ. ಕೈಗೆ ಎಣ್ಣೆ ಮೆತ್ತಿಕೊಂಡು ಅವರು ಅದನ್ನು ಕೂಡಿಸಿ ಕವಚ ಮುಚ್ಚಿದರು. ಮುಗಿಯಿತು.

ಇಂಜಿನ್ನನ್ನು ತಿರುಗಿ ಗಾಡಿಗೆ ಕೂಡಿಸುವ ದಿನ ನನಗೆ ಭಾಳ ಅವಸರವಿತ್ತು. ಹುನಗುಂದದ ಒಂದು ಮನೆಯವರನ್ನು ನಾಡಿದ್ದು ಮದುವೆಗೆ ಕರೆದೊಯ್ಯುವ ಮಾತು ಕೊಟ್ಟಿದ್ದೆ. ಕೊಟ್ಟ ಮಾತು ತಪ್ಪಿದ ಡ್ರೈವರ್ ಅಂತ ನನ್ನನ್ನು ಯಾರೂ ಅಂದದ್ದಿಲ್ಲ. ಮಿಸ್ತ್ರಿ ಮತ್ತೆ ಚಿಮಣಿ ಎಣ್ಣೆಯಿಂದ ಸರಪಳಿ ತೆಗೆದು, ಒರೆಸಿ, ಭಂಡಾರ ಸವರಿ, ನೋಡುತ್ತ ಕುಳಿತರು. ಆಮೇಲೆ ಎದ್ದು, "ಇವತ್ತ ಆಗಂಗಿಲ್ಲ," ಅಂದರು.

"ಯಾಕಾಗಂಗಿಲ್ಲ?"

ಒಂದು ಕೊಂಡಿ ತೋರಿಸಿದರು. ಹಳದಿಯ ಮೇಲೆ ಕರಿ ಕೂದಲು ಬಿದ್ದಂತೆ ಒಂದು ಗೆರೆ. ಕೂದಲೇ ಇರಬೇಕೆಂದು ಊದಿದೆ. ಹೋಗಲಿಲ್ಲ. ಟಾವೆಲ್ಲು ಕಸಿದುಕೊಂಡು ಒರೆಸಿದೆ. ಭಂಡಾರದ ಜೊತೆ ಗೆರೆಯೂ ಹೋಯಿತು. ಬೆತ್ತಲೆ ಕಬ್ಬಿಣದ ಮೇಲೆ ಏನೂ ಇರಲಿಲ್ಲ.

"ಏನೂ ಇಲ್ಲಲ್ರೀ ಇಲ್ಲಿ! ನನ್ನ ಗಾಡಿ ಇಲ್ಲೇ ಕೆಡವಬೇಕಂತ ಮಾಡೀರಿ. ಇಂಜಿನ್ನಾಗ ಏನ ಮಾಡೀರಿ ಖರೆ ಹೇಳ್ರಿ. ಬಾಗಲಕೋಟ್ಯಾಗ ನನ್ನ ಚಹಾಕ್ಕ ಯಾಕ ಕಳಿಸಿದ್ರಿ?"

ಕಡೆಗೂ ಬಾಯಿಬಿಟ್ಟಿದ್ದೆ. ಚಹಾದವನು ಅಂಗಡಿಯಿಂದ ಹೊರಗೆ ಬಂದು ನಿಂತ. ಮಿಸ್ತ್ರಿ ಭಂಡಾರದ ಡಬ್ಬಿಯನ್ನು ನನ್ನ ಕಡೆ ನೂಕಿದರು.

"ನಾ ಹಚ್ಚೂದಿಲ್ಲ. ನೀ ಹಚ್ಚು."

ಸಿಟ್ಟಿನಿಂದಲೇ ಬೆರಳು ಅದ್ದಿ ಸವರಿದೆ. ಕೊಂಡಿ ಹಳದಿಯಾಯಿತು, ಅಷ್ಟೇ. ಗೆದ್ದೆ ಅಂತ ಬಾಯಿ ತೆಗೆಯಬೇಕು, ಅಷ್ಟರಲ್ಲಿ ನನ್ನ ಕಣ್ಣ ಮುಂದೆಯೇ, ಯಾರೋ ಒಳಗಿನಿಂದ ಬರೆಯುತ್ತಿದ್ದಂತೆ, ಆ ಕರಿ ಗೆರೆ ಮತ್ತೆ ಮೆಲ್ಲಗೆ ಎದ್ದು ಬಂತು. ಬಿರುಕಿನೊಳಗೆ ಇಳಿದಿದ್ದ ಚಿಮಣಿ ಎಣ್ಣೆ ಹೊರಗೆ ಜಿನುಗಿ ಭಂಡಾರವನ್ನು ತೋಯಿಸುತ್ತಿತ್ತು. ಕಣ್ಣಿಗೆ ಕಾಣದ ಬಿರುಕು ಅದು.

"ಮೊನ್ನಿ ಇದೇ ಸರಪಳಿ ಎತ್ತೇತಲ್ರಿ..." ಅಂದೆ.

"ಮೊನ್ನಿ ಎತ್ತೂಕಿಂತ ಮೊದಲ ನೋಡೇನಿ. ಈ ಗೆರಿ ಇರಲಿಲ್ಲ. ಆಮ್ಯಾಲ ಈ ಸರಪಳಿಲೆ ಬ್ಯಾರೆ ಏನೂ ಎತ್ತಿಲ್ಲ."

ಅಷ್ಟು ಹೇಳಿ ಸರಪಳಿಯನ್ನು ಮೇಜಿನ ಮೇಲಿನ ವೈಸಿಗೆ, ಅಂದರೆ ಕಬ್ಬಿಣದ ಹಿಡಿಕಟ್ಟಿಗೆ ಸಿಕ್ಕಿಸಿ, ಆ ಕೊಂಡಿಗೆ ದೊಡ್ಡ ಸುತ್ತಿಗೆಯಿಂದ ಹೊಡೆದರು. ನನಗೆ ತೋರಿಸಲು ಅಲ್ಲ. ಕೆಟ್ಟ ಸರಪಳಿಯನ್ನು ಇಡಿಯಾಗಿ ಗುಜರಿಗೆ ಹಾಕಿದರೆ ಯಾವನೋ ಬಡವ ಒಯ್ದು ಬಾವಿಗೆ ಇಳಿಯಾಕ ಕಟ್ಟತಾನ, ಅದಕ್ಕೇ ಮುರಿದೇ ಒಗೆಯಬೇಕು ಅಂತ ಆಮೇಲೆ ಹೇಳಿದರು. ಕೊಂಡಿ ಕಟಕ ರೊಟ್ಟಿಯ ಹಾಗೆ ಲಟಕ್ಕನೆ ಬಾಯಿಬಿಟ್ಟಿತು.

ಆ ಗೆರೆ ಹುಟ್ಟಿದ್ದು ನನ್ನ ಇಂಜಿನ್ನು ತೂಗುತ್ತಿದ್ದಾಗ. ಇಂಜಿನ್ನು ತೂಗುತ್ತಿದ್ದಾಗ ನನ್ನ ಕೈ ಅದರ ಕೆಳಗಿತ್ತು. ನಾನು ನನ್ನ ಕೈ ನೋಡಿಕೊಂಡೆ. ಅದಕ್ಕೂ ಹಳದಿ ಹತ್ತಿತ್ತು.

ಹುನಗುಂದಕ್ಕೆ ಫೋನ್ ಮಾಡಿ ಬೇರೆ ಗಾಡಿ ಹೊಂದಿಸಿಕೊಳ್ಳಿರಿ ಅಂತ ಹೇಳಿದೆ. ಮಿಸ್ತ್ರಿಯ ಹೆಂಡತಿಯ ತಮ್ಮ ಇಳಕಲ್ಲಿನ ಕಲ್ಲಿನ ಖಣಿಯಲ್ಲಿ ಕೆಲಸಕ್ಕಿದ್ದ. ಮರುದಿನ ಅವನು ಬಸ್ಸಿನಲ್ಲಿ ಬಂದು ಹೊಸ ಸರಪಳಿ ಕೊಟ್ಟ. "ಖಣ್ಯಾಗಿಂದು ಮಾಮಾ, ಬೆಟ್ಟಾ ಎತ್ತತೈತಿ," ಅಂದ. ಮಿಸ್ತ್ರಿ ಅದನ್ನೂ ಚಿಮಣಿ ಎಣ್ಣೆಗೆ ಹಾಕಿದರು. "ನನ್ನ ಮ್ಯಾಲೂ ಸಂಶಯ ಏನ ಮಾಮಾ?" ಅಂದ ಅವನು. "ನಿಮ್ಮಕ್ಕನ ಮ್ಯಾಲೇ ಐತಿ, ನಿಂದೇನು," ಅಂದರು. ನನಗೆ ನಗು ಬಂತು. ಆ ಗ್ಯಾರೇಜಿನಲ್ಲಿ ನಾನು ನಕ್ಕದ್ದು ಅದೇ ಮೊದಲು.

ಗಾಡಿ ಹೊಗೆಯಿಲ್ಲದೆ ಏರು ಹತ್ತತೊಡಗಿತು. ಕೆರೂರು ದಾಟುವಾಗೆಲ್ಲ ನಿಲ್ಲಿಸುತ್ತಿದ್ದೆ. 'ಮಿಸ್ತ್ರಿಯವರ' ಅನ್ನುತ್ತಿದ್ದವ 'ಕಾಕಾ' ಅನ್ನತೊಡಗಿದೆ. ಅವರು ನನ್ನ ಕೈಯಿಂದ ಚಹಾ ಇಸಿದುಕೊಂಡು ಮೂಸಿಯೇ ಕುಡಿಯುತ್ತಿದ್ದರು. ಭಂಡಾರದ ಉಪಾಯ ಯಾರು ಕಲಿಸಿದರು ಅಂತ ಒಮ್ಮೆ ಕೇಳಿದೆ. ಹುಡುಗರಿದ್ದಾಗ ಬೀರಪ್ಪನ ಗುಡಿಯ ಗಂಟೆಗೆ ಎಣ್ಣೆ ಹಚ್ಚಿ ಒರೆಸಿದ್ದರಂತೆ. ಪೂಜೆಯ ದಿನ ಹಾರಿಸಿದ ಭಂಡಾರ ಅದರ ಮೇಲೆ ಕುಳಿತು, ಒಂದು ಕರಿ ಗೆರೆ ಎದ್ದಿತಂತೆ. ಮಂದಿ ದೇವರು ಏನೋ ಬರೆದಿದ್ದಾನೆ ಅಂತ ಕೈಮುಗಿದರಂತೆ. ಮುಂದೆ ಗಂಟೆ ಅದೇ ಗೆರೆಗೆ ಸೀಳಿತಂತೆ. "ದೇವರು ಬರದಿದ್ದು ಖರೆ. ಓದಾಕ ಯಾರಿಗೂ ಬರಲಿಲ್ಲ," ಅಂದರು.

ಯಾರೋ ಗೆಳೆಯ ಇಂಜಿನ್ನಿನ ಕೆಳಗೆ ಸಿಕ್ಕು ಸತ್ತಿದ್ದಕ್ಕೇ ಕಾಕಾ ಹೀಗಾದರು ಅಂತ ಚಹಾದವನು ಹೇಳುತ್ತಿದ್ದ. ಕೇಳಿದರೆ, "ಸುಳ್ಳ. ನಾ ಹುಟ್ಟಾ ಅಂಜುಬುರುಕ," ಅಂದರು. ಇವತ್ತಿಗೂ ಆ ಮಾತನ್ನು ನಾನು ಪೂರ್ತಿ ನಂಬಿಲ್ಲ.

ಬಾಗಲಕೋಟೆಯ ಚಹಾದ ವಿಷಯ ಮಾತ್ರ ನಾನು ಮತ್ತೆ ಕೇಳಲಿಲ್ಲ, ಅವರೂ ಹೇಳಲಿಲ್ಲ. ಸರಪಳಿಯ ವಿಷಯದಲ್ಲಿ ಸಾಚಾ ಇದ್ದವರು ಕ್ರ್ಯಾಂಕಿನ ವಿಷಯದಲ್ಲೂ ಸಾಚಾ ಇರಬೇಕು ಅಂತೇನಿಲ್ಲವಲ್ಲ. ಗಾಡಿ ಏರು ಹತ್ತುವಾಗ ಒಂದೊಂದು ಸಲ ಆ ಟಾವೆಲ್ಲು ನೆನಪಾಗುತ್ತಿತ್ತು.

ಹೋದ ವರ್ಷ ಕಾಕಾ ತೀರಿಕೊಂಡರು. ಉಂಡು ಮಲಗಿದವರು ಏಳಲಿಲ್ಲ. ಮಣ್ಣಿಗೆ ಹೋಗಿದ್ದೆ. ತೊಳೆದ ಮೈ, ಹೊಸ ಬಟ್ಟೆ, ಹಣೆಗೆ ಭಂಡಾರ. ಅಷ್ಟು ತೊಳೆದರೂ ಆ ಉಗುರಿನ ಹಳದಿ ಹೋಗಿರಲಿಲ್ಲ.

ಮೊನ್ನೆ ಗಾಡಿ ಮತ್ತೆ ಹೊಗೆ ಬಿಟ್ಟಿತು. ಈ ಸಲ ಬಾದಾಮಿಯಲ್ಲೇ ಒಂದು ಹೊಸ ಗ್ಯಾರೇಜಿಗೆ ಒಯ್ದೆ. ಎತ್ತುವ ಮೊದಲು ನಿಮ್ಮ ಸರಪಳಿ ಕೊಡಿರಿ ಅಂದೆ. ಚಿಮಣಿ ಎಣ್ಣೆ ಈಗ ಎಲ್ಲೂ ಸಿಗುವುದಿಲ್ಲ, ಡಿಸೇಲಿನಲ್ಲೇ ನೆನೆಸಿ, ಒರೆಸಿ, ಕಿಸೆಯಿಂದ ಭಂಡಾರದ ಪುಡಿಕೆ ತೆಗೆದೆ. ಅಲ್ಲಿಯ ಮಿಸ್ತ್ರಿ ಸೊಂಟದ ಮೇಲೆ ಕೈಯಿಟ್ಟು, "ಏನ್ರಿ ಅಣ್ಣಾರ, ನಮ್ಮ ಮ್ಯಾಲ ಸಂಶಯಾ ಏನು?" ಅಂದ.

"ಹೌದು," ಅಂದೆ.

ಗೆರೆ ಏಳಲಿಲ್ಲ. ಇಂಜಿನ್ನು ಇಳಿಯಿತು, ನೆಲದ ಮೇಲೆ ಕುಳಿತಿತು, ಆಮೇಲೆ ಹತ್ತಿರ ಹೋದೆ. ಗ್ರೀಸ್ ಒರೆಸಿ ನೋಡಿದೆ. ಬ್ಲಾಕಿನ ಅಂಚಿಗೆ ನನ್ನ ಹಕ್ಕಿ ಹೆಜ್ಜೆ ಹಾಗೇ ಇತ್ತು. ಅದರ ಪಕ್ಕ, ನಾನು ಹಾಕದ ಒಂದು ಚುಕ್ಕೆ. ಮೊಳೆಯಂಥ ಪಂಚ್ ಇಟ್ಟು ಸುತ್ತಿಗೆಯಿಂದ ಹೊಡೆದ ಚುಕ್ಕೆ. ಹೆಡ್ಡಿನ ಗೀರಿನ ಪಕ್ಕವೂ ಒಂದು, ಪಂಪಿನ ಪಕ್ಕವೂ ಒಂದು. ಲೆಕ್ಕ ಒಪ್ಪಿಸಿದವರ ಹಾಗೆ, ನೀ ಹಾಕಿದ್ದನ್ನು ನಾ ನೋಡೇನಿ, ಅದು ಇಲ್ಲೇ ಐತಿ ಅಂತ.

ಕವಚ ಬಿಚ್ಚಿ ಕ್ರ್ಯಾಂಕು ಹೊರಗೆ ತೆಗೆದರು. ಬೇರಿಂಗು ಕೂರದ ಕಡೆ, ದಪ್ಪ ಪಕ್ಕೆಯ ಮೇಲೆ, ಎಣ್ಣೆಯ ಕಪ್ಪಿನೊಳಗೆ ಏನೋ ಕಂಡಿತು. ಹೆಬ್ಬೆರಳಿನಿಂದ ತಿಕ್ಕಿದೆ. ಮೂರು ಸಣ್ಣ ಗೀರು, ಪಕ್ಕಕ್ಕೊಂದು ಚುಕ್ಕೆ. ಹಕ್ಕಿಯ ಹೆಜ್ಜೆ ನನ್ನದಕ್ಕಿಂತ ನೇರವಾಗಿತ್ತು. ಲೇಥಿನವರು ಬದಲಿಸಬಾರದೆಂದು, ನಾನು ಹಾಕಲಾಗದ ಕಡೆ, ನನ್ನ ಗುರುತನ್ನು ಅಂದು ಟಾವೆಲ್ಲಿನಲ್ಲಿ ಸುತ್ತಿಟ್ಟ ಅರದಿಂದ ಕಾಕಾ ಹಾಕಿದ್ದರು.

"ಏನೈತ್ರಿ ಅಲ್ಲಿ?" ಅಂತ ಮಿಸ್ತ್ರಿ ಬಗ್ಗಿದ.

"ಏನಿಲ್ಲ," ಅಂದೆ. ನನ್ನ ಉಗುರಿನ ಭಂಡಾರ ಆ ಗೀರಿನೊಳಗೆ ಇಳಿದು ಕುಳಿತಿತ್ತು. ಒರೆಸಲಿಲ್ಲ.